ಕತ್ತಲೆಕಾನಿನ ಮರ, ತೆಂಗಿನ ನುಸಿ



ರಜೆ ಬಂತೆಂದರೆ ನಿಮ್ಮಲ್ಲಿ ಹಲವರು ಅಪ್ಪ-ಅಮ್ಮನ ಒತ್ತಾಯಕ್ಕೆ ಊರಿನ ಕಡೆ ಹೊರಡುತ್ತೀರಿ. ಅಜ್ಜಿಯ ಮನೆಯಲ್ಲಿ ನಾಲ್ಕು ದಿನ, ದೇವಸ್ಥಾನದಲ್ಲಿ ಒಂದು ದಿನ, ಜೋಗದ ಎದುರು ನಿಂತು ಒಂದು ಫೋಟೋ. ಅಲ್ಲಿಗೆ ಕರ್ನಾಟಕ ದರ್ಶನ ಮುಗಿಯಿತು. ತಪ್ಪೇನಿಲ್ಲ ಬಿಡಿ. ಆದರೆ ಈ ಸಲ ಹೊನ್ನಾವರದಿಂದ ಜೋಗಕ್ಕೆ ಹೋಗುವ ದಾರಿಯಲ್ಲೇ ಎರಡು ಜೀವಿಗಳನ್ನು ನೋಡಿ ಬನ್ನಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಒಂದನ್ನು ನೋಡಲು ಕತ್ತು ನೋಯುವಷ್ಟು ತಲೆ ಎತ್ತಬೇಕು. ಇನ್ನೊಂದನ್ನು ನೋಡಲು ಕೈಯಲ್ಲಿ ಭೂತಗನ್ನಡಿ ಇರಬೇಕು. ಒಂದು ಮರ, ಒಂದು ನುಸಿ. ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು, ಎರಡಕ್ಕೂ ಟಿಕೆಟ್ ಇಲ್ಲ.

"ಮರವನ್ನೂ ನುಸಿಯನ್ನೂ ಯಾರಾದರೂ ಹೋಲಿಸುತ್ತಾರೆಯೇ?" ಎಂದು ನೀವು ನಗಬಹುದು. ನಗಿ. ಆದರೆ ಓದುತ್ತಾ ನಗಿ.

ಮೊದಲು ನುಸಿ, ಏಕೆಂದರೆ ದಾರಿಯಲ್ಲಿ ಮೊದಲು ಸಿಗುವುದು ಅದೇ. ಕೊಂಕಣ ರೈಲಿನಲ್ಲಿ ಹೊನ್ನಾವರದಲ್ಲಿ ಇಳಿದರೆ ಎತ್ತ ನೋಡಿದರೂ ತೆಂಗು. ಶರಾವತಿ ಇಲ್ಲಿ ಸಮುದ್ರ ಸೇರುವ ಅವಸರವಿಲ್ಲದೆ ಅಗಲವಾಗಿ ಮಲಗಿದ್ದಾಳೆ. ಎರಡೂ ದಡದಲ್ಲಿ ತೆಂಗಿನ ತೋಟಗಳು. ನನ್ನ ಸೋದರಮಾವನ ತೋಟವೂ ಅಲ್ಲೇ ಇದೆ, ನಲವತ್ತು ಮರದ ಪುಟ್ಟ ಹಿಡುವಳಿ. ಕಳೆದ ಬಾರಿ ಹೋದಾಗ ಅಂಗಳದಲ್ಲಿ ರಾಶಿ ಹಾಕಿದ್ದ ಕಾಯಿಗಳಲ್ಲಿ ಅರ್ಧದಷ್ಟರ ಮೈ ಬಿರಿದು, ಕಂದುಗಟ್ಟಿ, ಸುಟ್ಟ ಗಾಯದ ಕಲೆಯಂತೆ ಕಾಣುತ್ತಿತ್ತು. ಕೆಲವು ಕಾಯಿಗಳು ಸೊಟ್ಟಗಾಗಿ ಮುಷ್ಟಿಗಿಂತ ಸ್ವಲ್ಪ ದೊಡ್ಡದಾಗಿದ್ದವು.

"ಮಾವ, ಇದೆಂತ ಹೀಗೆ?" ಎಂದು ಕೇಳಿದೆ.

"ನುಸಿ ಮಾರಾಯ, ನುಸಿ. ಗಾಳಿಯಲ್ಲಿ ಬಂದದ್ದು, ಗಾಳಿಯಲ್ಲಿ ಹೋಗುದಿಲ್ಲ" ಎಂದರು. "ಬೇವಿನೆಣ್ಣೆ ಹೊಡಿ ಅಂತಾರೆ. ಎಣ್ಣೆ ಉಂಟು, ಬೆಳ್ಳುಳ್ಳಿ ಉಂಟು, ಸಾಬೂನೂ ಉಂಟು. ಮರ ಹತ್ತುವವ ಇಲ್ಲ. ಹತ್ತುತ್ತಿದ್ದವನಿಗೆ ವಯಸ್ಸಾಯ್ತು, ಅವನ ಮಗ ಗೋವೆಯಲ್ಲಿ ಹೋಟೆಲು ಕೆಲಸಕ್ಕೆ ಹೋದ."

ನುಸಿ ಕೀಟವಲ್ಲ ಎಂಬುದು ಮೊದಲು ನಿಮಗೆ ಗೊತ್ತಿರಲಿ. ಕೀಟಗಳಿಗೆ ಆರು ಕಾಲು. ನುಸಿಗಳು ಜೇಡ, ಉಣ್ಣೆಗಳ ಬಳಗದವು. ಸಾಮಾನ್ಯವಾಗಿ ಅವಕ್ಕೆ ಎಂಟು ಕಾಲು. ಆದರೆ ತೆಂಗಿನ ಈ ನುಸಿಗೆ ನಾಲ್ಕೇ ಕಾಲು, ಅವೂ ತಲೆಯ ಬುಡದಲ್ಲಿ. ಉಳಿದ ಮೈಯೆಲ್ಲ ಬಿಳಿಯ ಹುಳುವಿನಂತೆ ಉದ್ದಕ್ಕೆ. ಉದ್ದ ಎಂದರೆ ಎಷ್ಟು? ಒಂದು ಮಿಲಿಮೀಟರಿನ ಕಾಲು ಭಾಗ. ನಿಮ್ಮ ಶಾಲೆಯ ಅಳತೆಪಟ್ಟಿಯ ಎರಡು ಪುಟ್ಟ ಗೆರೆಗಳ ನಡುವೆ ನಾಲ್ಕು ನುಸಿಗಳು ಸಾಲಾಗಿ ಮಲಗಬಹುದು. ವಿಜ್ಞಾನಿಗಳು ಇಟ್ಟ ಹೆಸರು ಅಸೇರಿಯ ಗೆರೆರೋನಿಸ್. 1965ರಲ್ಲಿ ಕೀಫರ್ ಎಂಬ ಅಮೆರಿಕದ ವಿಜ್ಞಾನಿ ಮೆಕ್ಸಿಕೋ ದೇಶದ ಗೆರೆರೋ ಪ್ರಾಂತದಿಂದ ಬಂದ ಮಾದರಿಗಳನ್ನು ನೋಡಿ ಅದನ್ನು ವರ್ಣಿಸಿದ. ಹೆಸರಿನಲ್ಲೇ ಅದರ ವಿಳಾಸವಿದೆ.

ಅದರ ಬದುಕು ಬಹಳ ಸರಳ. ತೆಂಗಿನ ಮಿಡಿಯ ತಲೆಯ ಮೇಲೆ ತೊಟ್ಟಿನ ಟೊಪ್ಪಿ ಇರುತ್ತದಲ್ಲ, ಅದರ ಒಳಗೆ ನುಸುಳಿ ಎಳೆಯ ಮೆದು ಭಾಗದ ರಸ ಹೀರುತ್ತದೆ. ಬಿಸಿಲಿಲ್ಲ, ಮಳೆಯಿಲ್ಲ, ಔಷಧಿಯೂ ಸುಲಭವಾಗಿ ತಾಗುವುದಿಲ್ಲ. ವಾರ ಹತ್ತು ದಿನದಲ್ಲಿ ಮೊಟ್ಟೆಯಿಂದ ಮತ್ತೊಂದು ತಲೆಮಾರು ಸಿದ್ಧ. ಒಂದೊಂದು ಟೊಪ್ಪಿಯ ಕೆಳಗೆ ಸಾವಿರಾರು. ಮಿಡಿ ಬೆಳೆದಂತೆ ಟೊಪ್ಪಿಯ ಅಂಚಿನಿಂದ ಕೆಳಕ್ಕೆ ಒಂದು ಬಿಳಿಯ ತ್ರಿಕೋನ ಕಾಣಿಸುತ್ತದೆ. ಅದೇ ನುಸಿಯ ರುಜು. ಆಮೇಲೆ ಅದು ಕಂದಾಗಿ, ಒರಟಾಗಿ, ಬಿರುಕು ಬಿಟ್ಟು ಅಂಟು ಸುರಿಸುತ್ತದೆ. ಕಾಯಿ ಕುಗ್ಗುತ್ತದೆ, ಕೊಬ್ಬರಿ ಕಡಿಮೆಯಾಗುತ್ತದೆ, ಸಿಪ್ಪೆ ಬಿಗಿದುಕೊಂಡು ಸುಲಿಯುವವನ ಕೈ ಸೋಲುತ್ತದೆ.

ಭಾರತದಲ್ಲಿ ಇದು ಮೊದಲು ಕಣ್ಣಿಗೆ ಬಿದ್ದದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಎರಡು ಮೂರು ವರ್ಷಗಳೊಳಗೆ ತಮಿಳುನಾಡು, ಕರ್ನಾಟಕಗಳ ತೋಟಗಳಿಗೂ ಬಂತು. ಕರಾವಳಿ ಮಾತ್ರವಲ್ಲ, ಘಟ್ಟದ ಮೇಲಿನ ತುಮಕೂರು, ಹಾಸನದ ಕಡೆಯ ತೆಂಗಿನ ಸೀಮೆಯಲ್ಲೂ ಇದರದೇ ಮಾತು. ನಿಮ್ಮ ಮನೆಗೆ ಬರುವ ಉಂಡೆ ಕೊಬ್ಬರಿ ತಿಪಟೂರಿನದಾದರೆ, ಆ ವರ್ಷಗಳಲ್ಲಿ ಅದು ಹೇಗೆ ಸಣ್ಣದಾಯಿತು ಎಂದು ಅಮ್ಮನನ್ನು ಕೇಳಿ ನೋಡಿ. ರೆಕ್ಕೆಯಿಲ್ಲದ, ನಾಲ್ಕು ಗಿಡ್ಡ ಕಾಲಿನ ಈ ಜೀವಿ ಇಷ್ಟು ದೂರ ನಡೆದುಬಂತೇ? ಇಲ್ಲ. ಗೊನೆಯ ಮೇಲೆ ಬಂದು ನಿಲ್ಲುತ್ತದೆ, ಗಾಳಿ ಹೊತ್ತುಕೊಂಡು ಹೋಗುತ್ತದೆ, ಬಹಳಷ್ಟು ಎಲ್ಲೋ ಬಿದ್ದು ಸಾಯುತ್ತವೆ. ಆದರೆ ಒಂದೇ ಒಂದು ಹೆಣ್ಣು ಒಂದು ಮಿಡಿಯನ್ನು ಮುಟ್ಟಿದರೆ ಸಾಕು. ಗಂಡಿನ ಸಂಗ ಆಗದಿದ್ದರೂ ಅದು ಮೊಟ್ಟೆ ಇಡಬಲ್ಲದು. ಅಂಥ ಮೊಟ್ಟೆಗಳಿಂದ ಗಂಡುಗಳು ಹುಟ್ಟುತ್ತವೆ, ಸಂಸಾರ ಮುಂದುವರಿಯುತ್ತದೆ.

ಇಲ್ಲಿ ಒಂದು ಸೋಜಿಗ ಉಂಟು. ತೆಂಗು ಅಮೆರಿಕ ಖಂಡದ ಮೂಲದ ಮರವಲ್ಲ. ಮನುಷ್ಯರು ಅಲ್ಲಿಗೆ ಒಯ್ದು ಬೆಳೆಸಿದ್ದು. ಅಲ್ಲಿ ಬೇರೆ ಯಾವುದೋ ತಾಳೆ ಜಾತಿಯ ಗಿಡದ ಮೇಲಿದ್ದ ನುಸಿ ತೆಂಗಿಗೆ ದಾಟಿಕೊಂಡಿತೆಂದು ವಿಜ್ಞಾನಿಗಳ ಊಹೆ. ಒಮ್ಮೆ ತೆಂಗಿಗೆ ಹೊಂದಿಕೊಂಡ ಮೇಲೆ ಅದಕ್ಕೆ ಇನ್ನೇನು ಕೊರತೆ? ಉಷ್ಣವಲಯದ ಉದ್ದಕ್ಕೂ ನಾವು ತೆಂಗಿನ ಮರಗಳನ್ನು ಸಾಲು ಸಾಲಾಗಿ ನೆಟ್ಟು ಅದಕ್ಕೆ ಹಾಸಿಗೆ ಹಾಸಿಟ್ಟಿದ್ದೇವೆ.

ಮಾವನ ತೋಟದಲ್ಲಿ ಕಾಫಿ ಕುಡಿದು ಈಗ ಬೆಂಗಳೂರು ರಸ್ತೆ ಹಿಡಿಯಿರಿ. ಗೇರುಸೊಪ್ಪೆಯ ತನಕ ಶರಾವತಿ ಜೊತೆಗಿರುತ್ತಾಳೆ. ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ ನೋಡದೆ ಮುಂದೆ ಹೋಗಬೇಡಿ. ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆದರು. ಘಟ್ಟದ ಕಾನುಗಳು ಆ ಕಾಲದ ಮೆಣಸಿನ ಕಣಜ. ಕಾನು ಎಂದರೆ ಬರಿಯ ಕಾಡಲ್ಲ. ವರ್ಷವಿಡೀ ಹಸಿರಾಗಿ, ನೀರು ಹಿಡಿದುಕೊಂಡು, ಎಷ್ಟೋ ಕಡೆ ದೇವರ ಹೆಸರಿನಲ್ಲಿ ಊರವರೇ ಕಾಪಾಡಿಕೊಂಡು ಬಂದ ದಟ್ಟ ಕಾಡು. ಮಲೆನಾಡಿನ ಈ ಮಾತು ನಿಮ್ಮ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ, ಕಲಿತಿಟ್ಟುಕೊಳ್ಳಿ.

ಘಟ್ಟ ಹತ್ತಿದ ಮೇಲೆ ಮಲೆಮನೆಯ ಆಸುಪಾಸಿನಲ್ಲಿ, ಸಿದ್ದಾಪುರ ತಾಲೂಕಿಗೆ ಸೇರಿದ ಒಂದು ಕಾಡಿಗೆ ಕತ್ತಲೆಕಾನು ಎಂದು ಹೆಸರು. ಹೆಸರಿಟ್ಟವರು ಸುಳ್ಳು ಹೇಳಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ರಸ್ತೆಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಇಪ್ಪತ್ತು ಹೆಜ್ಜೆ ಒಳಗಿಟ್ಟರೆ ಸಂಜೆ. ಇಳಿಜಾರಿನ ತಳದಲ್ಲಿ ಒಂದು ಹಳ್ಳ. ಹಳ್ಳ ಎಂದರೆ ಹರಿಯುವ ನೀರೂ ಹೌದು, ನಿಂತ ಕೆಸರೂ ಹೌದು. ಇಂಥ ಜೌಗು ನೆಲಕ್ಕೆ ಇಲ್ಲಿಯ ಜನ 'ಜಡ್ಡಿ' ಎನ್ನುತ್ತಾರೆ. ಇದು ರಾಮಪತ್ರೆ ಜಡ್ಡಿ.

ಜಡ್ಡಿಯ ಅಂಚಿನಲ್ಲಿ ನಿಂತು ಮೊದಲು ಕೆಳಗೆ ನೋಡಿ. ಕೆಸರಿನೊಳಗಿಂದ ಮಡಿಸಿದ ಮೊಣಕಾಲುಗಳಂತೆ ನೂರಾರು ಬೇರುಗಳು ಮೇಲೆದ್ದು ಮತ್ತೆ ಒಳಗೆ ಹೋಗಿರುತ್ತವೆ. ಯಾರೋ ಬಹಳ ಮಂದಿ ಕೆಸರಿನಲ್ಲಿ ಹೂತು ಕುಳಿತು ಮೊಣಕಾಲು ಮಾತ್ರ ಹೊರಗಿಟ್ಟಂತೆ. ನೀರು ನಿಂತ ಮಣ್ಣಿನಲ್ಲಿ ಗಾಳಿ ಇಲ್ಲವಲ್ಲ, ಅದಕ್ಕೆ ಬೇರುಗಳು ಉಸಿರಾಡಲು ಹೊರಬರುತ್ತವೆ. ಕೆಲವು ಮರಗಳಿಗೆ ಕಾಂಡದಿಂದಲೇ ಊರುಗೋಲಿನಂಥ ಬೇರುಗಳು ಇಳಿದಿರುತ್ತವೆ, ಗೂಟ ಹೊಡೆದು ನಿಲ್ಲಿಸಿದ ಡೇರೆಯ ಹಾಗೆ. ಇನ್ನು ಮೇಲೆ ನೋಡಿ. ಇಪ್ಪತ್ತು ಇಪ್ಪತ್ತೈದು ಮೀಟರ್ ಎತ್ತರದಲ್ಲಿ ದೊಡ್ಡ ದೊಡ್ಡ ಎಲೆಗಳ ಚಾವಣಿ. ಇದೇ ನಾನು ಹೇಳಹೊರಟ ಮರ, ಮಿರಿಸ್ಟಿಕ ಮ್ಯಾಗ್ನಿಫಿಕ. ನಮ್ಮ ಅಡುಗೆಮನೆಯ ಜಾಯಿಕಾಯಿಯ ಕಾಡಿನ ದಾಯಾದಿ. ತೊಗಟೆಗೆ ಗಾಯವಾದರೆ ರಕ್ತದಂಥ ಕೆಂಪು ರಸ ಒಸರುತ್ತದೆ. (ಪರೀಕ್ಷಿಸಲು ಹೋಗಬೇಡಿ, ನನ್ನ ಮಾತು ನಂಬಿ.) ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇದಿಲ್ಲ. ಘಟ್ಟದಲ್ಲೂ ಇಂಥ ಜಡ್ಡಿಗಳಿದ್ದಲ್ಲಿ ಮಾತ್ರ ಇದೆ. ಅಳಿವಿನಂಚಿನ ಮರಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದರ ಹೆಸರಿದೆ.

ಈಗ ಲೆಕ್ಕ ಮಾಡಿ. ಇಪ್ಪತ್ತೈದು ಮೀಟರಿನ ಮರವನ್ನು ಒಂದು ಲಕ್ಷ ತುಂಡು ಮಾಡಿದರೆ ಒಂದು ತುಂಡು ನುಸಿಯಷ್ಟಾಗುತ್ತದೆ. ಬಲಾಬಲ ನೋಡಿದರೆ ಯಾರು ಉಳಿಯಬೇಕು, ಯಾರು ಅಳಿಯಬೇಕು?

ಮರದ ಬದುಕು ನೋಡಿ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದು ಚಿಕ್ಕ ಜಡ್ಡಿಯಲ್ಲಿ ಉಳಿದದ್ದು ಐದೇ ಮರ, ಐದೂ ಗಂಡು ಎಂದಾದರೆ ಆ ಜಡ್ಡಿಯ ಕಥೆ ಮುಗಿದಂತೆ, ಅವು ಇನ್ನೂ ಎಷ್ಟೋ ವರ್ಷ ಹಸಿರಾಗಿ ನಿಂತಿದ್ದರೂ. ಹೂವಿನಿಂದ ಹೂವಿಗೆ ಪರಾಗ ಒಯ್ಯಲು ಪುಟ್ಟ ಹುಳುಗಳು ಬೇಕು. ಹಣ್ಣು ಬಿರಿದಾಗ ಒಳಗೆ ದೊಡ್ಡ ಬೀಜ, ಅದರ ಸುತ್ತ ಪತ್ರೆಯ ಹೊದಿಕೆ. ಅಷ್ಟು ದೊಡ್ಡ ಬೀಜವನ್ನು ನುಂಗಿ ದೂರ ಒಯ್ಯಬಲ್ಲ ಹಕ್ಕಿ ಎಂದರೆ ಮುಖ್ಯವಾಗಿ ಮಂಗಟ್ಟೆ. ಮಂಗಟ್ಟೆಗೆ ಗೂಡು ಕಟ್ಟಲು ಪೊಟರೆಯಿರುವ ಹಳೆಯ ಹೆಮ್ಮರ ಬೇಕು. ಬೀಜ ಬಿದ್ದ ಕಡೆ ನೆರಳು ಬೇಕು, ತೇವ ಬೇಕು. ಒಣಗಿಸಿದರೆ ಬೀಜ ಸಾಯುತ್ತದೆ. ರಾಗಿ, ಭತ್ತದ ಬೀಜದಂತೆ ಡಬ್ಬಿಯಲ್ಲಿ ತುಂಬಿ ತಣ್ಣಗಿಟ್ಟು ಮುಂದಿನ ತಲೆಮಾರಿಗೆ ಕಾದಿರಿಸೋಣ ಎಂದರೆ ಆಗುವುದಿಲ್ಲ. ಈ ಮರವನ್ನು ಉಳಿಸುವುದೆಂದರೆ ಹಳ್ಳವನ್ನು ಉಳಿಸುವುದು, ಹಳ್ಳವನ್ನು ಉಳಿಸುವುದೆಂದರೆ ಮೇಲಿನ ಇಳಿಜಾರಿನ ಕಾಡನ್ನು ಉಳಿಸುವುದು. ಬೇರೆ ಉಪಾಯವಿಲ್ಲ.

ನುಸಿಗೆ ಬೇಕಾದದ್ದು ಒಂದು ಎಳೆ ಕಾಯಿ ಮತ್ತು ಗಾಳಿ.

ಇನ್ನೂ ಒಂದು ವಿಷಯ ನನಗೆ ಬಹಳ ಯೋಚನೆಗೆ ಹಚ್ಚಿತು. ಮೆಕ್ಸಿಕೋದ ಹೆಸರು ಹೊತ್ತ ನುಸಿ ಕೇರಳದಲ್ಲಿ ಕಾಣಿಸಿದ್ದು 1998ರಲ್ಲಿ. ಎರಡು ಮೂರು ವರ್ಷಗಳಲ್ಲೇ ದಕ್ಷಿಣದ ತೆಂಗು ಬೆಳೆಗಾರರ ಮನೆಮನೆಯಲ್ಲೂ ಅದರ ಹೆಸರು. ಅದೇ ಹೊತ್ತಿಗೆ, 1999ರಲ್ಲಿ, ಕುಮಟಾದ ಸಸ್ಯಶಾಸ್ತ್ರಜ್ಞ ಡಾ. ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳ ಬಗ್ಗೆ ಬರೆದರು. ಕೇರಳದ ತಿರುವಾಂಕೂರಿನ ಕಡೆಯ ಜಡ್ಡಿಗಳ ವರ್ಣನೆ 1960ರಲ್ಲೇ ಬಂದಿತ್ತು. ನಮ್ಮ ಜಿಲ್ಲೆಯವು ಬೆಳಕಿಗೆ ಬರಲು ಇಷ್ಟು ಕಾಲ ಬೇಕಾಯಿತು. 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಇದೇ ಜಡ್ಡಿಗಳಲ್ಲಿದ್ದ, ಅದುವರೆಗೆ ವಿಜ್ಞಾನಕ್ಕೆ ಗೊತ್ತೇ ಇರದಿದ್ದ ಒಂದು ಮರವನ್ನು ಗುರುತಿಸಿದರು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರಿನ ಬಳಗದ ಮರ. ಅದಕ್ಕೆ ಊರಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಯಾವ ಕಾಲದಿಂದಲೋ ಇಲ್ಲೇ ನಿಂತಿದ್ದ ಮರಕ್ಕೆ ಹೆಸರು ಸಿಗಲು 2000 ಬರಬೇಕಾಯಿತು. ನಿನ್ನೆ ಬಂದ ನುಸಿಗೆ ಹೆಸರು, ಖ್ಯಾತಿ, ಸರಕಾರಿ ಸಮಿತಿ ಎಲ್ಲವೂ ತಕ್ಷಣ ಸಿಕ್ಕಿತು. ನುಸಿ ನಮ್ಮ ಜೇಬಿಗೆ ಕೈಹಾಕಿತು, ಮರ ಹಾಕಲಿಲ್ಲ. ಅಷ್ಟೇ ವ್ಯತ್ಯಾಸ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಹೋಲಿಕೆಯನ್ನು ಕೇಳಿದ ನಮ್ಮ ಸಂಘದ ಹಿರಿಯರೊಬ್ಬರು "ಸರಿಯಾಗಿ ಹೇಳಿದಿರಿ, ಬೇರು ಬಿಟ್ಟವ ಮರ, ಊರು ಬಿಟ್ಟವ ನುಸಿ" ಎಂದು ತಲೆದೂಗಿದರು. ಅವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ಈ ಮಾತು ನನಗೆ ಒಪ್ಪಿಗೆಯಿಲ್ಲ. ಹೊರಗಿನಿಂದ ಬಂದವರನ್ನು ಪೀಡೆಗೆ ಹೋಲಿಸುವ ಮಾತನ್ನು ಮುಂಬಯಿಯ ನಮ್ಮ ಹಿಂದಿನ ತಲೆಮಾರು 1960ರ ದಶಕದಲ್ಲಿ ದಕ್ಷಿಣದವರೆಲ್ಲರ ಜೊತೆ ಸೇರಿ ಕೇಳಿಸಿಕೊಂಡಿದೆ. ಹೋಟೆಲಿನ ಗಾಜು ಒಡೆಸಿಕೊಂಡವರು ನಮ್ಮಲ್ಲೂ ಇದ್ದರು. ಆ ಮಾತನ್ನು ನಾವೇ ನಮ್ಮ ಮಕ್ಕಳಿಗೆ ಹೇಳುವುದೇ? ಅದೂ ಅಲ್ಲದೆ ಸಂಗತಿಯೇ ಹಾಗಿಲ್ಲ, ನೋಡಿ.

ನಮ್ಮ ತೆಂಗು-ಅಡಿಕೆ ತೋಟಗಳಲ್ಲಿ ಇನ್ನೊಂದು ನುಸಿ ಇದೆ, ಕೆಂಪು ಬಣ್ಣದ್ದು. ರಾವೋಯೆಲ್ಲ ಇಂಡಿಕ ಎಂದು ಹೆಸರು. ಇದು ಕಾಯಿಯ ಟೊಪ್ಪಿಯೊಳಗೆ ಅಡಗುವುದಿಲ್ಲ, ಎಲೆಯ ಅಡಿಯಲ್ಲಿ ಗುಂಪಾಗಿ ಕುಳಿತು ರಸ ಹೀರುತ್ತದೆ. 1924ರಲ್ಲಿ ಕೊಯಮತ್ತೂರಿನ ತೆಂಗಿನೆಲೆಯ ಮೇಲೆ ಸಿಕ್ಕ ಮಾದರಿಗಳಿಂದ ಇದನ್ನು ವರ್ಣಿಸಿದರು. ಇಲ್ಲಿ ಅದೊಂದು ಸಣ್ಣ ತಂಟೆಕೋರ. ಬೇಸಗೆಯಲ್ಲಿ ಸಸಿಗಳನ್ನು ಸ್ವಲ್ಪ ಕಾಡುತ್ತದೆ, ಇದನ್ನು ತಿನ್ನುವ ಬೇರೆ ಜೀವಿಗಳೂ ಇವೆ, ಲೆಕ್ಕ ಸರಿಹೋಗುತ್ತದೆ. ಅದೇ ನುಸಿ 2004ರಲ್ಲಿ ಕೆರಿಬಿಯನ್ ಸಮುದ್ರದ ಮಾರ್ಟಿನೀಕ್ ದ್ವೀಪದಲ್ಲಿ ಕಾಣಿಸಿಕೊಂಡಿತು. 2007ರಲ್ಲಿ ಅಮೆರಿಕದ ಫ್ಲೋರಿಡಾ, 2009ರಲ್ಲಿ ಬ್ರೆಜಿಲ್. ಅಲ್ಲಿ ತೆಂಗನ್ನಷ್ಟೇ ಅಲ್ಲ, ಬಾಳೆಯನ್ನೂ ಹಿಡಿಯಿತು. ಅವರದು ನಮಗೆ ಬಂತು, ನಮ್ಮದು ಅವರಿಗೆ ಹೋಯಿತು. ಮಾರ್ಟಿನೀಕ್‌ನ ಯಾವುದೋ ಮಾವ ತನ್ನ ಸೋದರಳಿಯನಿಗೆ 'ಭಾರತದ ನುಸಿ' ಎಂದು ತೋರಿಸಿ ನಿಟ್ಟುಸಿರು ಬಿಟ್ಟಿರಬಹುದು.

ಇತ್ತ ಜಾಯಿಕಾಯಿಯ ಕುಟುಂಬವೂ ಮನೆ ಬಿಡದ ಕುಟುಂಬವೇನಲ್ಲ. ನಿಮ್ಮ ಅಮ್ಮ ಹೋಳಿಗೆಯ ಹೂರಣಕ್ಕೆ ತೇಯುವ ಜಾಯಿಕಾಯಿ ಇಂಡೋನೇಷ್ಯಾದ ಬಂಡಾ ದ್ವೀಪಗಳ ಮೂಲದ್ದು. ಅದಕ್ಕಾಗಿ ಡಚ್ಚರು 1621ರಲ್ಲಿ ಆ ದ್ವೀಪಗಳ ಜನರನ್ನೇ ಕೊಂದು ಓಡಿಸಿದರು. ಮುಂದೆ ಬ್ರಿಟಿಷರ ಕೈಗೆ ಸಸಿ ಸಿಕ್ಕಿ ಅದು ಗ್ರೆನಡಾ ದ್ವೀಪಕ್ಕೆ ಹೋಗಿ, ಇವತ್ತು ಆ ದೇಶದ ಧ್ವಜದ ಮೇಲೇ ಕುಳಿತಿದೆ. ಕತ್ತಲೆಕಾನಿನಿಂದ ಹೆಚ್ಚು ದೂರವಿಲ್ಲದ ಅಡಿಕೆ ತೋಟಗಳಲ್ಲೂ ಉಪಬೆಳೆಯಾಗಿ ಜಾಯಿಕಾಯಿ ಇದೆ. ಕಾಡಿನ ಪತ್ರೆಯ ಸಸಿಗೆ ಅದರ ಕಸಿ ಕಟ್ಟುವುದೂ ಉಂಟು. ಒಂದೇ ವಂಶದ ಇಬ್ಬರು: ಮನುಷ್ಯನಿಗೆ ಬೇಕಾದವನು ಲೋಕ ಸುತ್ತಿದ, ಬೇಡವಾದವನು ಹಳ್ಳದ ಬದಿಯಲ್ಲೇ ಉಳಿದ. ಹೋದವನೂ ನಿಂತವನೂ ತಮ್ಮ ಇಚ್ಛೆಯಿಂದ ಹಾಗೆ ಮಾಡಲಿಲ್ಲ.

ಜಡ್ಡಿಗಳು ಕಡಿಮೆಯಾದದ್ದೂ ಹೀಗೆಯೇ. ಕಣಿವೆಯ ತಳದಲ್ಲಿ ವರ್ಷವಿಡೀ ನೀರಿರುವ ಜಾಗ ಎಂದರೆ ಮರಕ್ಕೆ ಮಾತ್ರವೇ ಒಳ್ಳೆಯದು? ಭತ್ತಕ್ಕೂ ಒಳ್ಳೆಯದು, ಅಡಿಕೆಗೆ ಇನ್ನೂ ಒಳ್ಳೆಯದು. ನಮ್ಮ ಹಿರಿಯರು ಜಡ್ಡಿಯ ನೀರಿಗೆ ಕಾಲುವೆ ತೋಡಿ ಗದ್ದೆ, ತೋಟ ಮಾಡಿದರು. ನಮ್ಮಲ್ಲಿ ಎಷ್ಟೋ ಮನೆಗಳ ಹುಡುಗರು ಓದಿ ಮುಂಬಯಿ, ಪುಣೆ ಸೇರಿದ್ದು ಆ ಅಡಿಕೆಯ ದುಡ್ಡಿನಿಂದಲೇ. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಆದರೆ ಈಗ ಉಳಿದಿರುವುದು ಅಲ್ಲೊಂದು ಇಲ್ಲೊಂದು ತುಣುಕು. ಸಿಂಗಳೀಕಗಳ ನೆವದಲ್ಲಿ ಈ ಕಾಡಿಗೆ ಕಾನೂನಿನ ಆಸರೆ ಸಿಕ್ಕಿದೆ: 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು, 2019ರಲ್ಲಿ ಅದನ್ನೂ ಸೇರಿಸಿಕೊಂಡು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ಅದೇ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಪ್ರಸ್ತಾಪ ಬಂದು ಪರ-ವಿರೋಧದ ವಾದ ನಡೆದಿದೆ. ವಿದ್ಯುತ್ ಬೇಡ ಎನ್ನಲು, ಫ್ಯಾನಿನ ಕೆಳಗೆ ಕೂತು ಬರೆಯುವ ನನಗೆ ಸಂಕೋಚ. ಆದರೆ ಒಂದು ತೋಟದ ತೆಂಗು ಹೋದರೆ ಮತ್ತೆ ನೆಡಬಹುದು, ಜಡ್ಡಿಯನ್ನು ನೆಡಲಾಗದು. ಪತ್ರಿಕೆಯಲ್ಲಿ ಆ ಸುದ್ದಿ ಬಂದಾಗ ಪುಟ ಮಗುಚದೆ ಓದಿ ಎಂದಷ್ಟೇ ಕೇಳುತ್ತೇನೆ.

ನುಸಿಯ ಕಡೆಯಿಂದಲೂ ಸುದ್ದಿ ಪೂರ್ತಿ ಕೆಟ್ಟದ್ದಲ್ಲ. ತೆಂಗಿನ ನುಸಿಯನ್ನೇ ತಿಂದು ಬದುಕುವ ಬೇರೆ ನುಸಿಗಳಿವೆ. ಅದಕ್ಕೆ ರೋಗ ತರುವ ಹಿರ್ಸುಟೆಲ್ಲ ಎಂಬ ಶಿಲೀಂಧ್ರವನ್ನು ವಿಜ್ಞಾನಿಗಳು ಬೆಳೆಸಿ ಪ್ರಯೋಗಿಸಿದ್ದಾರೆ. ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರದವರು ವರ್ಷಾನುಗಟ್ಟಲೆ ಇದರ ಬೆನ್ನು ಹತ್ತಿದ್ದಾರೆ. ಮಾವ ಮಾತ್ರ ಮರ ಹತ್ತುವವನನ್ನು ಹುಡುಕುತ್ತಲೇ ಇದ್ದಾರೆ.

ಹೋಗುವವರಿಗೆ ನಾಲ್ಕು ಮಾತು. ಮಳೆಗಾಲದಲ್ಲಿ ಉಂಬಳಗಳ ಆತಿಥ್ಯ ಜೋರು. ನವೆಂಬರಿನಿಂದ ಫೆಬ್ರವರಿ ವಾಸಿ. ರಸ್ತೆ ಬಿಟ್ಟು ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಕೇಳಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮೊಣಕಾಲು ಬೇರುಗಳ ಮೇಲೆ ಕಾಲಿಡಬೇಡಿ, ಅವು ಮರದ ಮೂಗು. ಕೆಂಪು ಪತ್ರೆ ಸುತ್ತಿದ ಬೀಜ ನೆಲದ ಮೇಲೆ ಬಿದ್ದಿದ್ದರೆ ಎಷ್ಟೇ ಚೆಂದ ಕಂಡರೂ ಚೀಲಕ್ಕೆ ಹಾಕಬೇಡಿ. ಮುಂಬಯಿ ತಲುಪಿ ನಾಲ್ಕು ದಿನ ಕಪಾಟಿನ ಮೇಲಿಟ್ಟರೆ ಅದು ಒಣಗಿ ಸತ್ತಿರುತ್ತದೆ. ಅಷ್ಟು ದೂರ ಹೋಗಲಾಗದವರಿಗೆ ಗೋವೆಯ ಸತ್ತರಿ ತಾಲೂಕಿನಲ್ಲಿ ನಿರಂಕಾರನ ದೇವರಕಾಡು ಇದೆ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಬಾಂಬರ್ಡೆಯಲ್ಲೂ ಇಂಥದೇ ಪುಟ್ಟ ಜಡ್ಡಿ ಇದೆ. ಎರಡನ್ನೂ ಉಳಿಸಿದವರು ಅಲ್ಲಿಯ ಹಳ್ಳಿಯವರು, ದೇವರಿಗೆ ಹೆದರಿ.

ಮತ್ತೆ, ನಿಮ್ಮ ಊರು ಉತ್ತರ ಕನ್ನಡದಲ್ಲೋ ಶಿವಮೊಗ್ಗದ ಘಟ್ಟದ ಅಂಚಿನಲ್ಲೋ ಇದ್ದರೆ ಅಜ್ಜನನ್ನು ಒಂದು ಪ್ರಶ್ನೆ ಕೇಳಿ: "ನಮ್ಮ ಕಡೆ ಏಪ್ರಿಲ್ ತಿಂಗಳಲ್ಲೂ ನೀರು ನಿಲ್ಲದೆ ಹರಿಯುವ ಹಳ್ಳ ಯಾವುದು?" ಅವರು ಬೆರಳು ತೋರಿಸಿದ ದಿಕ್ಕಿನಲ್ಲಿ ಹಳ್ಳದ ದಡ ಹಿಡಿದು ಮೇಲಕ್ಕೆ ನಡೆಯಿರಿ. ಇನ್ನೂ ಯಾರ ಪಟ್ಟಿಗೂ ಸೇರದ ಜಡ್ಡಿಗಳು ಅಂಥ ಕಡೆಯೇ ಸಿಗಬಹುದು. ಸಿಕ್ಕರೆ ನಮ್ಮ ಈ ಪತ್ರಿಕೆಗೆ ಎರಡು ಸಾಲು ಬರೆದು ಕಳಿಸಿ. ಕನ್ನಡ ಬರೆಯಲು ತಡವರಿಸಿದರೂ ಚಿಂತೆಯಿಲ್ಲ, ತಿದ್ದಿಕೊಳ್ಳಲು ನಾವಿದ್ದೇವೆ.